ದಾಸ್ಕಲೋಸ್, ಜುಬೈದಾ ಟೀಚರ್ ಮತ್ತು ನನ್ನ ವರದಿ

ಮೊನ್ನೆ ಸೋಮವಾರ ಮೈಸೂರಿನ ನಮ್ಮ ಬಡಾವಣೆಯ ಅಂಚೆ ಕಚೇರಿಯಲ್ಲಿ ಸರತಿಯಲ್ಲಿ ನಿಂತಿದ್ದಾಗ, ಕೌಂಟರಿನ ಹೆಣ್ಣುಮಗಳು ಹೊಸ ಸ್ಟಾಂಪ್ ಪ್ಯಾಡಿನ ಮುಚ್ಚಳ ತೆರೆದಳು. ನೇರಳೆ ಶಾಯಿಯ ವಾಸನೆ ನೆಟ್ಟಗೆ ಮೂಗಿಗೆ ಬಂತು. ಕೆಲವರಿಗೆ ಮಲ್ಲಿಗೆಯಿಂದ ಮದುವೆ ನೆನಪಾಗುತ್ತದೆ, ಕೆಲವರಿಗೆ ಒಗ್ಗರಣೆಯಿಂದ ತಾಯಿ. ನನಗೆ ಸ್ಟಾಂಪ್ ಪ್ಯಾಡಿನಿಂದ ಕತಾರ್ ನೆನಪಾಗುತ್ತದೆ.

ನನ್ನ ಕೈಚೀಲದಲ್ಲಿ ಕೆಂಪು ರಟ್ಟಿನ ಒಂದು ನೋಟ್‌ಬುಕ್ ಇತ್ತು. ಅದನ್ನು ಅಂಚೆಗೆ ಹಾಕಲು ನಾನು ಬಂದದ್ದು ಅದು ನಾಲ್ಕನೆಯ ಸಲ. ಹಿಂದಿನ ಮೂರು ಸಲವೂ ನನ್ನ ಸರದಿ ಬಂದೊಡನೆ ಗಂಟಲು ಸರಿಮಾಡಿಕೊಂಡು, ಐದು ಅಂತರ್ದೇಶೀಯ ಪತ್ರ ಕೊಡಿ ಎಂದು ಕೇಳಿ, ಅವನ್ನು ಹಿಡಿದುಕೊಂಡು ಮನೆಗೆ ಹೋಗಿದ್ದೆ. ಈಗ ಮನೆಯಲ್ಲಿ ಹದಿನೈದು ಅಂತರ್ದೇಶೀಯ ಪತ್ರಗಳಿವೆ. ಬರೆಯಲು ಯಾರೂ ಇಲ್ಲ.

ನೋಟ್‌ಬುಕ್ಕಿನ ಕಥೆ ಫುಟ್‌ಬಾಲ್ ವಿಶ್ವಕಪ್ಪಿನ ವರ್ಷದ್ದು.

ಆ ವರ್ಷ ನಾನು ದೋಹಾದಲ್ಲಿ, ಹೊಸ ಆಟದ ಮೈದಾನವೊಂದಕ್ಕೆ ಹೋಗುವ ರಸ್ತೆಯ ಕಾಮಗಾರಿಯಲ್ಲಿ, ಡಾಕ್ಯುಮೆಂಟ್ ಕಂಟ್ರೋಲರ್ ಆಗಿದ್ದೆ. ಹುದ್ದೆಯ ಹೆಸರು ಕೇಳಿದರೆ ಏನೋ ಅಧಿಕಾರವಿದೆ ಎನಿಸುತ್ತದೆ. ತಗಡಿನ ಕ್ಯಾಬಿನ್ನಿನಲ್ಲಿ ಕುಳಿತು, ಬಂದ ನಕ್ಷೆಗಳನ್ನು ಸ್ಕ್ಯಾನ್ ಮಾಡಿ, ಸಂಖ್ಯೆ ಹಚ್ಚಿ, ಎಂಜಿನಿಯರುಗಳು ಹೇಳಿದ ಮುದ್ರೆ ಒತ್ತಿ, ಹೊರಗೆ ಕಳಿಸಿ, ತಲುಪಿದೆ ಎಂದು ಸಹಿ ತರಿಸಿಕೊಳ್ಳುವುದು ಕೆಲಸ. ಮುದ್ರೆಗಳು ನಾಲ್ಕು. ಎ ಎಂದರೆ ಒಪ್ಪಿದೆ. ಬಿ ಎಂದರೆ ಒಪ್ಪಿದೆ, ಆದರೆ ಟಿಪ್ಪಣಿ ನೋಡಿಕೊಳ್ಳಿ. ಸಿ ಎಂದರೆ ತಿದ್ದಿ ಮತ್ತೆ ತನ್ನಿ. ಡಿ ಎಂದರೆ ನಡೆಯಿರಿ ಮನೆಗೆ. ಪ್ರತಿ ಕಾಗದಕ್ಕೂ ರೆವಿಷನ್ ಸಂಖ್ಯೆ ಇರುತ್ತದೆ: ಮೊದಲು ಬಂದದ್ದು ಸೊನ್ನೆ, ತಿದ್ದಿ ಬಂದದ್ದು ಒಂದು, ಹಾಗೆ ಮುಂದಕ್ಕೆ. ತಿದ್ದಿದ್ದು ಇರುವಾಗ ಹಳೆಯದು ಹೊರಗೆ ಹೋದರೆ ಸೇತುವೆಯ ಕಂಬ ತಪ್ಪು ಜಾಗದಲ್ಲಿ ಏಳುತ್ತದೆ. ಆದ್ದರಿಂದ ಹಳೆಯ ರೆವಿಷನ್ ಕಳಿಸುವುದು ನಮ್ಮ ಕಸುಬಿನಲ್ಲಿ ಮಹಾಪಾತಕ. ಹನ್ನೊಂದು ವರ್ಷ ನಾನು ಬೇರೆಯವರ ಈ ತಪ್ಪನ್ನು ಹಿಡಿದೇ ಸಂಬಳ ತಿಂದವನು.

ಆಗಸ್ಟ್ ಕಳೆದರೂ ಸೆಕೆ ಇಳಿದಿರಲಿಲ್ಲ. ಕ್ಯಾಬಿನ್ನಿನಿಂದ ಹೊರಗೆ ಕಾಲಿಟ್ಟರೆ ಕನ್ನಡಕದ ಮೇಲೆ ಮಂಜು ಕಟ್ಟಿ ಲೋಕವೇ ಕಾಣದಾಗುತ್ತಿತ್ತು. ಸೆಕೆಗಿಂತ ಹೆಚ್ಚಾಗಿ ಜನರನ್ನು ಬೇಯಿಸುತ್ತಿದ್ದುದು ಕೆಲಸದಿಂದ ತೆಗೆಯುವವರ ಪಟ್ಟಿ. ಆಟ ಮುಗಿದ ಮೇಲೆ ಕಾಮಗಾರಿಗಳಿಲ್ಲ, ಕಾಮಗಾರಿ ಇಲ್ಲದ ಮೇಲೆ ನಾವಿಲ್ಲ. ಯಾರ ಹೆಸರು ಯಾವ ತಿಂಗಳ ಪಟ್ಟಿಯಲ್ಲಿದೆ ಎಂಬುದು ಆಯಾ ಕಂಪನಿಯ ಎರಡು ಮೂರು ಜನಕ್ಕೆ ಮಾತ್ರ ಗೊತ್ತು. ಊರಿಗೆಲ್ಲ ಬಾವುಟ ಕಟ್ಟುತ್ತಿದ್ದರು. ನಾವು ಹತ್ತು ಕಿಲೋ ಅಕ್ಕಿ ಮೂಟೆ ಕೊಳ್ಳುವುದನ್ನು ಬಿಟ್ಟು ಎರಡು ಕಿಲೋ ಪೊಟ್ಟಣಕ್ಕೆ ಇಳಿದಿದ್ದೆವು. ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ಕೇಳಿದರೆ ಉತ್ತರವಾಗಿ ನಗು ಬರುತ್ತಿತ್ತು, ಆ ನಗುವನ್ನು ನೋಡಲಾಗುತ್ತಿರಲಿಲ್ಲ.

ನನ್ನ ಪಕ್ಕದ ಮೇಜಿನಲ್ಲಿ ಸ್ತಾವ್ರೋಸ್ ಎಂಬ ಗ್ರೀಕ್ ಎಂಜಿನಿಯರ್ ಇದ್ದರು. ರಸ್ತೆಬದಿಯ ಗಿಡಮರಗಳ ಯೋಜನೆ ಅವರದು. ಅರವತ್ತೇಳು ವಯಸ್ಸು, ಮರಳುಗಾಡಿನಲ್ಲಿ ಬೇವಿನ ಸಾಲು ನಿಲ್ಲಿಸುವ ಹಟ. ನಾವಿಬ್ಬರೂ ಆಡುತ್ತಿದ್ದುದು ಇಂಗ್ಲಿಷು. ಅದು ಇಬ್ಬರಿಗೂ ಸ್ವಂತದ್ದಲ್ಲವಾದ್ದರಿಂದ ಸ್ನೇಹಕ್ಕೆ ತೊಂದರೆಯಾಗಲಿಲ್ಲ. ಮಧ್ಯಾಹ್ನದ ಬಿಡುವಿನಲ್ಲಿ ಅವರು ಒಂದು ಜೀವನಚರಿತ್ರೆ ಬರೆಯುತ್ತಿದ್ದರು, ತಮ್ಮ ದೇಶದಲ್ಲಿ ಶಿಕ್ಷಣ ಸುಧಾರಿಸಲು ಹೋಗಿ ಬದುಕು ಸವೆಸಿದ ಒಬ್ಬ ಮೇಷ್ಟ್ರದ್ದು. ಸ್ತಾವ್ರೋಸರ ತಾಯಿಗೆ ಅಕ್ಷರ ಕಲಿಸಿದ ಹೆಂಗಸು ಆ ಮೇಷ್ಟ್ರ ಕೈಕೆಳಗೆ ಓದಿದವಳಂತೆ. ಮೇಷ್ಟ್ರ ಹೆಸರು ನನ್ನ ನಾಲಿಗೆಗೆ ಕೊನೆಗೂ ಒಗ್ಗಲಿಲ್ಲ. ಗ್ರೀಕಿನಲ್ಲಿ ಮೇಷ್ಟ್ರಿಗೆ ದಾಸ್ಕಲೋಸ್ ಎನ್ನುತ್ತಾರಂತೆ. ನಾವು ಹಾಗೇ ಕರೆದೆವು. ಒಂದೊಂದು ಅಧ್ಯಾಯ ಮುಗಿದಾಗಲೂ ಸ್ತಾವ್ರೋಸ್ ಅದನ್ನು ನನಗೆ ಕೊಡುವರು. ನಾನು ಗಂಭೀರವಾಗಿ ಸಂಖ್ಯೆ ಹಚ್ಚಿ, ರೆವಿಷನ್ ಬರೆದು, ಉಕ್ಕಿನ ಕಪಾಟಿನಲ್ಲಿ ಇಡುವೆ. ನಿಮ್ಮ ಕೈಯಲ್ಲಿ ಏನೂ ಕಳೆಯುವುದಿಲ್ಲ ಎಂದು ಅವರು ಹೇಳಿದಾಗಲೆಲ್ಲ ನಾನು ವಿನಯದಿಂದ ತಲೆ ತಗ್ಗಿಸುತ್ತಿದ್ದೆ. ಒಳಗೆ ಮಾತ್ರ ವಿನಯ ಇರಲಿಲ್ಲ.

ದಾಸ್ಕಲೋಸರದು ಬಂದರಿನ ಊರು. ಹುಡುಗನಾಗಿದ್ದಾಗ ಮನೆಯಲ್ಲಿ ಒಂದು ಗ್ರೀಕು, ಶಾಲೆಯಲ್ಲಿ ಇನ್ನೊಂದು. ತಾಯಿ ರೊಟ್ಟಿಗೆ ಹೇಳುವ ಹೆಸರನ್ನು ಶಾಲೆಯಲ್ಲಿ ಬರೆಯುವಂತಿಲ್ಲ, ಶಾಲೆಯ ಹೆಸರು ಹೇಳಿದರೆ ಯಾವ ಅಂಗಡಿಯವನೂ ರೊಟ್ಟಿ ಕೊಡುವುದಿಲ್ಲ. ಹೀಗಾಗಿ ಮಕ್ಕಳು ಶಾಲೆಯಲ್ಲಿ ಬಾಯಿ ಮುಚ್ಚಿ ಕುಳಿತಿರುತ್ತಿದ್ದರು, ಮೇಷ್ಟ್ರುಗಳು ಅದನ್ನು ಶಿಸ್ತು ಎಂದು ತಿಳಿದಿದ್ದರು. ದೊಡ್ಡವರಾಗಿ ಸರ್ಕಾರದಲ್ಲಿ ಅಧಿಕಾರ ಸಿಕ್ಕಿದಾಗ ದಾಸ್ಕಲೋಸರು ಚಿಕ್ಕ ಮಕ್ಕಳ ಪುಸ್ತಕಗಳಿಗೆ ತಾಯಂದಿರ ಮಾತನ್ನು ತಂದರು. ಇಲ್ಲಿಯವರೆಗೆ ಕೇಳಿ ನಾನು ಚಮಚ ಕೆಳಗಿಟ್ಟು, ನಿಮ್ಮ ದಾಸ್ಕಲೋಸರು ಮಾಡಿದ್ದು ತಪ್ಪು, ಭಾಷೆಯನ್ನು ಇಸ್ತ್ರಿ ಮಾಡಿಯೇ ಹೊರಗೆ ಕಳಿಸಬೇಕು ಎಂದೆ. ಸ್ತಾವ್ರೋಸ್ ಬೇಸರಪಡದೆ, ಮುಂದಿನ ಅಧ್ಯಾಯದಲ್ಲಿ ನಿಮ್ಮ ಪಕ್ಷವೇ ಗೆಲ್ಲುತ್ತದೆ ಎಂದರು.

ಈ ಹೊತ್ತಿಗೆ ಸರಿಯಾಗಿ ನನಗೂ ಒಂದು ಅಧಿಕಾರ ಸಿಕ್ಕಿತು.

ದೋಹಾದ ಐನ್ ಖಾಲಿದ್ ಬಡಾವಣೆಯಲ್ಲಿ ಮೊಯ್ದೀನ್ ಹಾಜಿಯವರ ಮನೆಯಿತ್ತು. ಪುತ್ತೂರು ಕಡೆಯವರು, ಮೂವತ್ತು ವರ್ಷದಿಂದ ಅಲ್ಲಿ ಬಟ್ಟೆ ವ್ಯಾಪಾರ. ಅವರ ಮನೆಯ ಮುಂದಿನ ಹಾಲ್‌ನಲ್ಲಿ ಪ್ರತಿ ಶುಕ್ರವಾರ ಸಂಜೆ ನಾಲ್ಕಕ್ಕೆ ನಮ್ಮವರ ಮಕ್ಕಳಿಗೆ ಕನ್ನಡ ತರಗತಿ ನಡೆಯುತ್ತಿತ್ತು. ಇಪ್ಪತ್ತಮೂರು ಮಕ್ಕಳು, ಇಂಗ್ಲಿಷ್ ಶಾಲೆಯವು. ಕಲಿಸುತ್ತಿದ್ದವರು ಜುಬೈದಾ ಟೀಚರ್. ಮದುವೆಗೆ ಮೊದಲು ಬಂಟ್ವಾಳದ ಹತ್ತಿರ ಸರ್ಕಾರಿ ಶಾಲೆಯೊಂದರಲ್ಲಿ ಆರು ವರ್ಷ ಅತಿಥಿ ಶಿಕ್ಷಕಿಯಾಗಿದ್ದವರು. ಮನೆಯಲ್ಲಿ ಬ್ಯಾರಿ ಮಾತು. ಗಂಡ ರಾಸ್ ಲಫಾನ್‌ನ ಅನಿಲ ಸ್ಥಾವರದಲ್ಲಿ ಪಾಳಿಯ ಮೇಲೆ, ಮನೆಗೆ ಬರುವುದು ಲೆಕ್ಕದ ದಿನ. ಮಕ್ಕಳಿಲ್ಲ. ವಾರದ ಉಳಿದ ದಿನಗಳನ್ನು ಅವರು ಶುಕ್ರವಾರಕ್ಕೆ ತಯಾರಿಯಾಗಿ ಬಳಸುತ್ತಿದ್ದರು ಎಂದು ಹಾಜಿಯವರ ಹೆಂಡತಿ ಹೇಳಿದ್ದುಂಟು.

ಟೀಚರ ಪಾಠದಲ್ಲಿ ಒಂದು ಪದ್ಧತಿಯಿತ್ತು. ಪ್ರತಿ ಮಗುವೂ ವಾರಕ್ಕೊಂದು ಪುಟ ಬರೆಯಬೇಕು. ವಿಷಯ ಒಂದೇ: ಈ ವಾರ ನಿಮ್ಮ ಮನೆಯಲ್ಲಿ ಯಾರು ಏನು ಹೇಳಿದರು. ಹೇಳಿದ ಹಾಗೇ ಬರೆಯಬೇಕು. ಬ್ಯಾರಿಯಾದರೆ ಬ್ಯಾರಿ, ತುಳುವಾದರೆ ತುಳು, ಮಂಡ್ಯವಾದರೆ ಮಂಡ್ಯ, ಲಿಪಿ ಮಾತ್ರ ಕನ್ನಡ. ಆ ಪುಟವನ್ನು ಟೀಚರ್ ಒಬ್ಬರೇ ಓದುತ್ತಾರೆ, ಯಾರಿಗೂ ತೋರಿಸುವುದಿಲ್ಲ. ಅದು ಕರಾರು.

ಇದರ ಮೇಲೆ ದೂರು ಬಂತು. ಕೊಟ್ಟವರು ಮೂರ್ತಿಯವರು, ಬೆಂಗಳೂರಿನವರು, ಒಂದು ಗುತ್ತಿಗೆ ಕಂಪನಿಯಲ್ಲಿ ಮ್ಯಾನೇಜರು. ನಮ್ಮ ಬಳಗದಲ್ಲಿ ಯಾರಾದರೂ ಊರಿಗೆ ಹಿಂದಿರುಗುವಾಗ ವಿದಾಯ ಭಾಷಣ ಮಾಡುವ ಭಾರ ಅವರದೇ. ಮಗಳು ಮೇದಿನಿ, ಹನ್ನೊಂದು ವರ್ಷದವಳು, ಆ ತರಗತಿಯಲ್ಲಿದ್ದಳು. ತರಗತಿಯಲ್ಲಿ ಕನ್ನಡ ಕೆಡುತ್ತಿದೆ, ಮಕ್ಕಳು ಬೀದಿ ಮಾತು ಬರೆಯುತ್ತಿದ್ದಾರೆ, ಟೀಚರನ್ನು ಬದಲಿಸಬೇಕು ಎಂದು ಎರಡು ಪುಟ. ದೂರು ಇಂಗ್ಲಿಷಿನಲ್ಲಿತ್ತು. ಕನ್ನಡ ಕೆಡುತ್ತಿದೆ ಎಂಬುದನ್ನು ಕನ್ನಡದಲ್ಲಿ ಹೇಳಿದರೆ ತೂಕ ಬರುವುದಿಲ್ಲ.

ವಿಚಾರಣಾ ಸಮಿತಿ ರಚನೆಯಾಯಿತು. ಹಾಜಿಯವರು ಅಧ್ಯಕ್ಷರು. ಉಳಿದ ಸಮಿತಿ ನಾನು.

ಹಾಜಿಯವರು ಅಂಗಡಿಯ ಹಿಂದಿನ ಕೋಣೆಯಲ್ಲಿ ಕರಕ್ ಚಹಾ ತರಿಸಿ, ತಮಗೆ ಓದಲು ಪುರುಸೊತ್ತಿಲ್ಲ, ನಾನೇ ನೋಡಿ ಬರೆದುಕೊಡಬೇಕು ಎಂದರು. ಆಮೇಲೆ ದನಿ ತಗ್ಗಿಸಿದರು. "ಒಂದು ಮಾತು ಹೇಳ್ತೇನೆ ಶ್ರೀಕಂಠರೇ. ಇದು ಮನೆ, ಶಾಲೆ ಅಲ್ಲ. ಜಗಳ ಆಗಿ ಗೇಟಿಂದ ಹೊರಗೆ ಮಾತು ಹೋಯ್ತೋ, ನಾನು ಮುಚ್ಚಬೇಕಾಗ್ತದೆ. ಆ ಹೆಣ್ಣಿಗೆ ಬೇರೆ ಎಂತದೂ ಇಲ್ಲ. ನೀವು ಹುಷಾರಾಗಿ ಬರೀರಿ."

ನಾನು ಹುಷಾರಿನ ಮನುಷ್ಯನೆಂದು ದೇಶವಿಡೀ ಹೆಸರಾಗಿತ್ತು. ದೇಶ ಚಿಕ್ಕದು, ನಿಜ.

ಮುಂದಿನ ಶುಕ್ರವಾರ ಮುಐದರ್‌ನ ನನ್ನ ಕೋಣೆಯಿಂದ ಇಸ್ತ್ರಿ ಅಂಗಿ ತೊಟ್ಟು ತರಗತಿಗೆ ಹೋದೆ. ಹೊರಡುವಾಗಲೇ ಮನಸ್ಸಿನಲ್ಲಿ ಸಿ ಮುದ್ರೆ ಒತ್ತಿಯಾಗಿತ್ತು. ಹಿಂದಿನ ಸಾಲಿನಲ್ಲಿ ಕುಳಿತು ನೋಡಿದೆ. ಬೇರೆಡೆ ಕನ್ನಡವೆಂದರೆ ಅಪ್ಪನ ಹಿಂದೆ ಅಡಗುವ ಮಕ್ಕಳು ಇಲ್ಲಿ ಬಗ್ಗಿ, ನಾಲಿಗೆ ಕಚ್ಚಿಕೊಂಡು ಬರೆಯುತ್ತಿದ್ದವು. ಒಬ್ಬ ಹುಡುಗ ಎದ್ದು, ಟೀಚರ್, ನಮ್ಮಜ್ಜಿ ಫೋನಲ್ಲಿ ಬೈದದ್ದನ್ನೂ ಬರೀಬೇಕಾ ಎಂದು ಕೇಳಿದ. ಜುಬೈದಾ ಟೀಚರ್ ಯೋಚಿಸಿ, "ಚಂದ ಬೈದಿದ್ರೆ ಬರಿ" ಎಂದರು. ನಾನು ನಗಲಿಲ್ಲ. ವಿಚಾರಣಾಧಿಕಾರಿ ನಗಬಾರದು.

ತರಗತಿ ಬಿಟ್ಟ ಮೇಲೆ, ದಾಖಲೆಯಿಲ್ಲದೆ ವರದಿ ಬರೆಯಲಾಗದು, ನೋಟ್‌ಬುಕ್ಕುಗಳನ್ನು ಕೊಡಬೇಕು ಎಂದೆ. ಅವರು ಕೊಡಲು ಒಪ್ಪಲಿಲ್ಲ. ಒಂದು ವಾರ ಹಾಗೇ ಕಳೆಯಿತು. ಹಾಜಿಯವರು ಹೇಳಿ ಕಳಿಸಿದ ಮೇಲೆ, ಬಟ್ಟೆಯ ಚೀಲದಲ್ಲಿ ಇಪ್ಪತ್ತಮೂರನ್ನೂ ತಂದು ನನ್ನೆದುರು ಇಟ್ಟು, ಚೀಲದ ಮೇಲಿಂದ ಕೈ ತೆಗೆಯದೆ ನಿಂತರು.

"ಮಕ್ಕಳಿಗೆ ಮಾತು ಕೊಟ್ಟಿದ್ದೇನೆ ಸರ್. ಇದು ನಿಮ್ಮ ಕಣ್ಣು ದಾಟಿ ಹೋಗ್ಬಾರ್ದು."

"ಅಮ್ಮಾ," ಎಂದೆ, ಎದೆಯ ಮೇಲೆ ಕೈಯಿಟ್ಟು, "ಹನ್ನೊಂದು ವರ್ಷದಲ್ಲಿ ನನ್ನ ಕೈಯಿಂದ ಒಂದು ಕಾಗದವೂ ಕಳೆದಿಲ್ಲ, ಒಂದೂ ತಪ್ಪಿ ಹೋಗಿಲ್ಲ."

ಅವರು ಕೈ ತೆಗೆದರು.

ಮರುದಿನ ಆಫೀಸಿನಲ್ಲಿ ಮೊದಲು ಮಾಡಿದ ಕೆಲಸವೆಂದರೆ ಪ್ರತಿ ನೋಟ್‌ಬುಕ್ಕಿನಿಂದಲೂ ಆ ತಿಂಗಳ ಒಂದು ಪುಟವನ್ನು ಸ್ಕ್ಯಾನ್ ಮಾಡಿದ್ದು, ಓದುವುದಕ್ಕೂ ಮುಂಚೆ. ಬಂದದ್ದನ್ನು ಸ್ಕ್ಯಾನ್ ಮಾಡದೆ ಕಪಾಟಿಗೆ ಹಾಕುವುದು ನನ್ನಿಂದ ಆಗದು. ಇಪ್ಪತ್ತಮೂರು ಪುಟದ ಒಂದು ಫೈಲ್, ರೆವಿಷನ್ ಸೊನ್ನೆ. ಆಮೇಲೆ ಓದಲು ಕುಳಿತೆ.

ಏನು ಹೇಳಲಿ. ಮೂರು ದಿನ ನಾನು ಊಟದ ಡಬ್ಬಿ ತೆರೆಯುವುದನ್ನೂ ಮರೆತು ಓದಿದೆ. ಆ ದೇಶದಲ್ಲಿ ನಾವು ಯಾರೂ ಯಾರಿಗೂ ಹೇಳದಿದ್ದುದೆಲ್ಲ ಅಲ್ಲಿತ್ತು. ಅಡುಗೆಮನೆಯ ಪಿಸುಮಾತು, ಕಾರಿನಲ್ಲಿ ಆದ ಜಗಳ, ಊರಿನಿಂದ ಬಂದ ಫೋನಿಗೆ ಅಪ್ಪ ಕೊಟ್ಟ ಸುಳ್ಳು ಉತ್ತರ. ಮೇದಿನಿಯ ಪುಟ ಹೀಗಿತ್ತು:

"ಅಪ್ಪ ಹೇಳಿದ್ರು ಡಿಸೆಂಬರ್‌ಗೆ ನಮ್ದು ಖಲಾಸ್. ಅಮ್ಮ ಹೇಳಿದ್ರು ಯಾರ್ಗೂ ಹೇಳ್ಬೇಡಿ. ಅಪ್ಪ ಹೇಳಿದ್ರು ನಾನ್ಯಾಕ್ ಹೇಳ್ಲಿ, ಗೊತ್ತಾದ್ರೆ ಬೇರೆ ಕಡೆನೂ ಕೆಲಸ ಕೊಡಲ್ಲ. ಆಮೇಲೆ ಇಬ್ರೂ ಟೀವಿ ನೋಡಿದ್ರು. ಟೀವಿ ಆನ್ ಇರ್ಲಿಲ್ಲ."

ಕೆಳಗೆ ಕೆಂಪು ಶಾಯಿಯಲ್ಲಿ ಟೀಚರ್ ಬರೆದಿದ್ದರು: ಚೆನ್ನಾಗಿ ಕೇಳಿಸಿಕೊಂಡಿದ್ದೀ. ಇದನ್ನು ನಾನು ಯಾರಿಗೂ ಹೇಳುವುದಿಲ್ಲ.

ದಿನಾಂಕ ನೋಡುವುದು ನನ್ನ ಕಸುಬು. ಮೂರ್ತಿಯವರ ದೂರು ಆ ಪುಟಕ್ಕಿಂತ ಐದು ದಿನ ಕಿರಿಯದು. ಮಗಳ ಚೀಲದಲ್ಲಿ ಅವರು ಏನನ್ನು ಓದಿದರು, ಕನ್ನಡದ ಬಗ್ಗೆ ಅವರಿಗೆ ಅಷ್ಟು ಆತಂಕ ಯಾಕೆ ಬಂತು ಎಂಬುದು ತಿಳಿಯಿತು. ಟೀಚರಿಗೆ ಅವರ ಮನೆಯ ಗುಟ್ಟು ಗೊತ್ತು. ಆದ್ದರಿಂದ ಟೀಚರ್ ಹೋಗಬೇಕು, ಅಷ್ಟೇ.

ಆ ಬುಧವಾರ ಸ್ತಾವ್ರೋಸ್ ಮುಂದಿನ ಅಧ್ಯಾಯ ಕೊಟ್ಟರು. ಸರ್ಕಾರ ಬದಲಾಗುತ್ತದೆ. ದಾಸ್ಕಲೋಸರ ಪುಸ್ತಕಗಳನ್ನು ಪರಿಶೀಲಿಸಲು ಒಂದು ಸಮಿತಿ ನೇಮಕವಾಗುತ್ತದೆ. ಸಮಿತಿ ಓದಿ, ಚರ್ಚಿಸಿ, ಆ ಪುಸ್ತಕಗಳನ್ನು ಶಾಲೆಗಳಿಂದ ಹಿಂದಕ್ಕೆ ತರಿಸಿ ಸುಡಬೇಕೆಂದು ವರದಿ ಕೊಡುತ್ತದೆ. ದಾಸ್ಕಲೋಸರು ಕೆಲಸ ಕಳೆದುಕೊಳ್ಳುತ್ತಾರೆ, ಮತ್ತೆ ಪಡೆಯುತ್ತಾರೆ, ಮತ್ತೆ ಕಳೆದುಕೊಳ್ಳುತ್ತಾರೆ. ಬರೀ ಪುಸ್ತಕ ಬದಲಿಸಿದರೆ ಸಾಲದು, ಹಸಿದ ಮಗುವಿಗೆ ಯಾವ ಗ್ರೀಕಿನಲ್ಲಿ ಪಾಠ ಹೇಳಿದರೂ ಒಂದೇ ಎಂದು ಕಂಡು ರಾಜಕೀಯಕ್ಕೆ ಇಳಿಯುತ್ತಾರೆ. ಅದಕ್ಕಾಗಿ ದ್ವೀಪವೊಂದಕ್ಕೆ ಗಡೀಪಾರಾಗುತ್ತಾರೆ. ಅಲ್ಲೂ ಸುಮ್ಮನಿರದೆ ಜೊತೆಯ ಕೈದಿಗಳಿಗೆ ಪಾಠ ಮಾಡುತ್ತಾರೆ.

ನಾನು ಸ್ತಾವ್ರೋಸರನ್ನು ಕೇಳಿದೆ, ಆ ಸಮಿತಿಯ ವರದಿ ಬರೆದವರು ಯಾರು? ಅವರು ಕನ್ನಡಕ ತೆಗೆದು ಒರೆಸಿದರು. ಸಮಿತಿ ಎಂದಷ್ಟೇ ಜನ ನೆನಪಿಟ್ಟಿದ್ದಾರೆ, ಯಾರೋ ಒಬ್ಬನ ಅಕ್ಷರ ದುಂಡಗಿದ್ದಿರಬೇಕು, ಅವನ ಕೈಗೆ ಲೇಖನಿ ಕೊಟ್ಟಿರಬೇಕು ಎಂದರು.

ನನ್ನ ಅಕ್ಷರ ದುಂಡಗಿದೆ. ಆ ದಿನವೇ ನಾನು ಪಕ್ಷಾಂತರ ಮಾಡಿದೆ.

ವರದಿಗೆ ಎರಡು ವಾರ ಹಿಡಿಯಿತು. ಅಂಥ ಕನ್ನಡವನ್ನು ನಾನು ಹಿಂದೆ ಬರೆದಿರಲಿಲ್ಲ, ಮುಂದೆಯೂ ಬರೆದಿಲ್ಲ. ಟೀಚರ ಪದ್ಧತಿಯನ್ನು ಎಳೆಎಳೆಯಾಗಿ ಸಮರ್ಥಿಸಿದೆ. ಕೊನೆಯಲ್ಲಿ, ತರಗತಿ ಇದೇ ಟೀಚರ ಕೈಯಲ್ಲಿ ಇದೇ ರೀತಿ ಮುಂದುವರಿಯತಕ್ಕದ್ದು ಎಂದು ತೀರ್ಪಿತ್ತೆ. ಕೋಡ್ ಎ. ಮೂರ್ತಿಯವರ ಗುಟ್ಟನ್ನು ಮುಟ್ಟಲೇ ಇಲ್ಲ. ಅವರನ್ನು ಕಾಪಾಡಿದೆ, ಟೀಚರನ್ನು ಕಾಪಾಡಿದೆ, ಕನ್ನಡವನ್ನೂ ಒಂದಿಷ್ಟು ಕಾಪಾಡಿದೆ ಎಂಬ ತೃಪ್ತಿಯಲ್ಲಿ ಮೀಸೆ ತಿರುವಿದೆ.

ಆದರೆ ಅನುಬಂಧವಿಲ್ಲದ ವರದಿಯನ್ನು ನನ್ನ ಮೇಜಿನ ಮೇಲೆ ನಾನೇ ತಿರಸ್ಕರಿಸುತ್ತೇನೆ. ಮಕ್ಕಳು ಹೇಗೆ ಬರೆಯುತ್ತಿದ್ದಾರೆ ಎಂಬುದಕ್ಕೆ ಸಾಕ್ಷಿ ಬೇಡವೇ? ಟೀಚರಿಗೆ ಕೊಟ್ಟ ಮಾತಿಗೆ ನಾನೇ ಒಂದು ತಿದ್ದುಪಡಿ ಮಾಡಿಕೊಂಡೆ. ಯಾರಿಗೂ ನೋವಾಗದ ಆರು ಪುಟ ಆರಿಸಿ, ಹೆಸರುಗಳನ್ನು ಕಪ್ಪು ಬಳಿದು ಮುಚ್ಚಿ, ಹೊಸ ಫೈಲ್ ಮಾಡಿದೆ. ರೆವಿಷನ್ ಒಂದು. ಅಜ್ಜಿಯ ಬೈಗುಳವೂ ಅದರಲ್ಲಿತ್ತು, ಚಂದವಾಗಿತ್ತು. ಟೀಚರನ್ನು ಕೇಳಬೇಕಿತ್ತು. ಕೇಳಿದರೆ ಬೇಡ ಎನ್ನುತ್ತಿದ್ದರು, ಆದ್ದರಿಂದ ಕೇಳಲಿಲ್ಲ.

ಅಕ್ಟೋಬರ್ ಕೊನೆಯ ಗುರುವಾರ. ಆಟ ಶುರುವಾಗಲು ನಾಲ್ಕು ವಾರವೂ ಇರಲಿಲ್ಲ. ರಸ್ತೆಯ ಕಡೆಯ ನಕ್ಷೆಗಳನ್ನು ಅಂದೇ ಒಪ್ಪಿಸಬೇಕೆಂದು ಬೆಳಗಿನಿಂದ ಎಲ್ಲರೂ ನನ್ನ ತಲೆಯ ಮೇಲೆ ನಿಂತಿದ್ದರು. ಬೇಗ ಬೇಗ ಎಂದು ಅವಸರಿಸುವ ಯಲ್ಲಾ, ಯಲ್ಲಾ ಎಂಬ ಅರಬ್ಬಿ ಶಬ್ದ ಬಿಟ್ಟರೆ ಬೇರೇನೂ ಕಿವಿಗೆ ಬೀಳುತ್ತಿರಲಿಲ್ಲ. ನಲವತ್ತು ರವಾನೆ ಮುಗಿಸಿದ ಮೇಲೆ, ಮನೆಗೆ ಹೊರಡುವ ಮುಂಚೆ, ನನ್ನ ವರದಿಯನ್ನು ಅನುಬಂಧ ಸಮೇತ ಎಲ್ಲ ಪೋಷಕರಿಗೂ ಇಮೇಲಿನಲ್ಲಿ ಕಳಿಸಿದೆ. ಕಳಿಸಿ, ಕುರ್ಚಿಗೆ ಒರಗಿ, ಚಹಾ ಕುಡಿದೆ.

ಶುಕ್ರವಾರ ಬೆಳಿಗ್ಗೆ ಹಾಜಿಯವರ ಫೋನು. "ಎಂತ ಕಳಿಸಿದ್ರಿ ನೀವು?" ಅಷ್ಟು ಕೇಳಿ ಇಟ್ಟುಬಿಟ್ಟರು.

ತೆರೆದು ನೋಡಿದೆ. ಇಪ್ಪತ್ತಮೂರು ಪುಟ. ಹೆಸರುಗಳು ಹಾಗೇ. ರೆವಿಷನ್ ಸೊನ್ನೆ.

ಫೈಲಿನ ಹೆಸರಿನ ಕೊನೆಯಲ್ಲಿ ಒಂದು ಇರಬೇಕಾದ ಕಡೆ ಸೊನ್ನೆ ಇತ್ತು. ಆ ಸೊನ್ನೆಯನ್ನು ಎಷ್ಟು ಹೊತ್ತು ನೋಡಿದೆನೋ ತಿಳಿಯದು. ಯಾರಿಗೂ ಹೇಳುವುದಿಲ್ಲ ಎಂಬ ಟೀಚರ ಕೆಂಪು ಸಾಲು ಕೂಡ ಅಷ್ಟೂ ಮನೆಗಳಿಗೆ ಹೋಗಿತ್ತು.

ಸಂಜೆ ನಾಲ್ಕಕ್ಕೆ ಹಾಜಿಯವರ ಹಾಲ್ ತುಂಬಿತ್ತು. ಯಾವತ್ತೂ ಮಕ್ಕಳನ್ನು ಗೇಟಿನಲ್ಲಿ ಇಳಿಸಿ ಹೋಗುವ ತಂದೆತಾಯಂದಿರು ಅಂದು ಒಳಗೆ ಬಂದು ಗೋಡೆಗುಂಟ ನಿಂತಿದ್ದರು. ಪ್ರತಿಯೊಬ್ಬರೂ ಉಳಿದೆಲ್ಲರ ಮನೆಯ ಮಾತು ಓದಿ ಬಂದಿದ್ದರು, ಉಳಿದವರು ತಮ್ಮದನ್ನು ಓದಿದ್ದಾರೆಂಬುದೂ ಗೊತ್ತಿತ್ತು. ಯಾರೂ ಯಾರ ಮುಖ ನೋಡುತ್ತಿರಲಿಲ್ಲ. ನಾನು ನೀರಿನ ಕೂಲರಿನ ಪಕ್ಕ ಗೋಡೆಗೆ ಒರಗಿ ನಿಂತಿದ್ದೆ.

ಮೂರ್ತಿಯವರು ಮೇದಿನಿಯ ಕೈ ಹಿಡಿದುಕೊಂಡು ಬಂದರು. ಕೂಗಾಡುತ್ತಾರೆಂದು ಎಲ್ಲರೂ ಕಾದಿದ್ದರು. ಅವರು ಕೂಗಲಿಲ್ಲ. ಗಡ್ಡ ಬೋಳಿಸಿರಲಿಲ್ಲ. ವಿದಾಯ ಭಾಷಣ ಮಾಡುವ ಆ ಗಟ್ಟಿ ದನಿ ಎಲ್ಲೋ ಇಳಿದುಹೋಗಿತ್ತು.

"ನಮ್ಮನೆ ಒಳಗಿನ್ ಮಾತು ಊರಿಗೆಲ್ಲ ಹೋಗಿದೆ. ನಂಗೆ ಒಂದೇ ಗೊತ್ತಾಗ್ಬೇಕು. ಯಾರು ಕೊಟ್ಟಿದ್ದು?"

ಹಾಜಿಯವರು ನನ್ನ ಕಡೆ ನೋಡಿದರು. ಅದನ್ನು ಕಂಡು ಮೂರ್ತಿಯವರು ತಲೆಯಲ್ಲಾಡಿಸಿದರು. "ಅವ್ರನ್ನ ಬಿಡಿ. ಶ್ರೀಕಂಠ ಸಾರ್ ಕೈಗೆ ಏನ್ ಕೊಡ್ತೀವೋ ಅದನ್ನ ಕಳಿಸ್ತಾರೆ, ಅದು ಅವ್ರ್ ಕೆಲ್ಸ. ಹನ್ನೊಂದು ವರ್ಷದಲ್ಲಿ ಒಂದು ತಪ್ಪಿಲ್ಲ. ಕೊಟ್ಟೋರ್ ಯಾರು?"

ನನ್ನ ಹೆಸರು ನನ್ನನ್ನು ಕಾಪಾಡಿತು. ಕಷ್ಟಪಟ್ಟು ಗಳಿಸಿದ ಒಳ್ಳೆಯ ಹೆಸರು.

ಜುಬೈದಾ ಟೀಚರ್ ನನ್ನತ್ತ ನೋಡಿದರು. ಸಿಟ್ಟಿನ ನೋಟವಲ್ಲ. ಒಬ್ಬ ವಿದ್ಯಾರ್ಥಿಗೆ ಉತ್ತರ ಗೊತ್ತಿದೆ, ಬಾಯಿ ಬಿಡಲು ಹೆದರುತ್ತಿದ್ದಾನೆ ಎಂದು ತಿಳಿದ ಟೀಚರ್ ಹೇಗೆ ಕಾಯುತ್ತಾರೋ ಹಾಗೆ ಕಾದರು. ಬೇಕಾದಷ್ಟು ಸಮಯ ಕೊಟ್ಟರು. ನಾಲಿಗೆಯ ತುದಿಗೆ ವಾಕ್ಯ ಬಂದಿತ್ತು, ಕರ್ತೃ ಕರ್ಮ ಕ್ರಿಯಾಪದ ಎಲ್ಲ ಸರಿಯಾಗಿ. ಕೂಲರಿನ ನೀರು ಗುಳುಕ್ ಎಂದಿತು. ನಾನು ಬಾಯಿ ಬಿಡಲಿಲ್ಲ.

"ಕೊಟ್ಟದ್ದು ನಾನೇ," ಎಂದರು ಟೀಚರ್.

ಅದು ಸುಳ್ಳೂ ಅಲ್ಲ.

ಮೇದಿನಿ ತಂದೆಯ ಕೈ ಬಿಡಿಸಿಕೊಂಡು ಒಂದು ಹೆಜ್ಜೆ ಮುಂದೆ ಬಂದಳು. "ಟೀಚರ್, ನೀವು ಪ್ರಾಮಿಸ್ ಮಾಡಿದ್ರಲ್ಲ."

"ಹೌದು ಮಗಾ. ಮಾಡಿದ್ದೆ."

ಹುಡುಗಿ ತಿರುಗಿ, ತಂದೆಗಿಂತ ಮುಂಚೆ ತಾನೇ ಹೊರಗೆ ನಡೆದಳು.

ಉಳಿದದ್ದಕ್ಕೆ ಹೆಚ್ಚು ಸಮಯ ಹಿಡಿಯಲಿಲ್ಲ. ಹಾಜಿಯವರು ತಾವೇ ಮುಚ್ಚುವ ಮಾತು ಆಡುವ ಮೊದಲು ಟೀಚರ್ ಬಟ್ಟೆಯ ಚೀಲ ಬಿಚ್ಚಿ, ನಾನು ಹಿಂದಿರುಗಿಸಿದ್ದ ನೋಟ್‌ಬುಕ್ಕುಗಳನ್ನು ಒಂದೊಂದಾಗಿ ಹೆಸರು ಕರೆದು ಮಕ್ಕಳ ಕೈಗೆ ಕೊಟ್ಟರು. ಕೆಲವು ಮಕ್ಕಳು ಮುಂದಿನ ವಾರಕ್ಕೆ ಏನು ಬರೆಯಬೇಕೆಂದು ಕೇಳಿದವು. ಅಜ್ಜಿ ಬೈದದ್ದನ್ನು ಬರೆದ ಹುಡುಗನ ತಲೆಗೂದಲನ್ನು ಅವರು ಒಮ್ಮೆ ಕೆದರಿದರು. ನನ್ನ ವರದಿ ಅವರ ಪರವಾಗಿದೆ, ಕೋಡ್ ಎ ಎಂದಿದೆ ಎಂಬುದನ್ನು ಅಲ್ಲಿ ಯಾರೂ ಎತ್ತಲಿಲ್ಲ. ಅನುಬಂಧ ಇರುವಾಗ ವರದಿ ಯಾರು ಓದುತ್ತಾರೆ?

ಚೀಲದಲ್ಲಿ ಕೆಂಪು ರಟ್ಟಿನ ಒಂದು ಉಳಿಯಿತು. ಅದನ್ನು ತಂದು ನನ್ನ ಕೈಗಿತ್ತರು.

"ಇದು ಮೇದಿನಿದು. ನಿಮ್ಮ ಕೈಲಿ ಕಳೆಯುದಿಲ್ಲ ಅಂತ ಹೇಳಿದ್ರಲ್ಲ ಸರ್. ಅವಳಿಗೆ ಮುಟ್ಟಿಸಿ."

ಭಾನುವಾರ ಸ್ತಾವ್ರೋಸರಿಗೆ ಎಲ್ಲವನ್ನೂ ಹೇಳಿದೆ. ಊರಿನವರಿಗೆ ಹೇಳಲಾಗದ್ದನ್ನು ಪರದೇಶದವನಿಗೆ ಪರಭಾಷೆಯಲ್ಲಿ ಹೇಳುವುದು ಸುಲಭ. ಅವರು ಎದ್ದು ಹೋಗಿ, ಕಪಾಟಿನಿಂದ ಸಮಿತಿಯ ಅಧ್ಯಾಯವನ್ನು ತೆಗೆದರು. ನನ್ನ ಪೆಟ್ಟಿಗೆಯಿಂದ ಸಿ ಮುದ್ರೆ ಎತ್ತಿಕೊಂಡು ಮೊದಲ ಪುಟದ ಮೇಲೆ ತಾವೇ ಒತ್ತಿದರು. ಸಮಿತಿಯವರನ್ನೆಲ್ಲ ದುಷ್ಟರೆಂದು ಬರೆದುಬಿಟ್ಟಿದ್ದೇನೆ, ಅದನ್ನು ತಿದ್ದಬೇಕು ಎಂದರು. "ಅಲ್ಲಿ ದಾಸ್ಕಲೋಸರನ್ನು ಮೆಚ್ಚಿದವನೂ ಒಬ್ಬ ಇದ್ದಿರಬೇಕು. ಅವನನ್ನು ಬರೆಯುವುದು ಕಷ್ಟ."

ನವೆಂಬರಿನಲ್ಲಿ ಆಟ ಶುರುವಾಯಿತು. ಲೋಕವೆಲ್ಲ ಬಂದು ಕುಣಿಯಿತು. ನಮ್ಮ ರಸ್ತೆಯ ಮೇಲೆ ಲಕ್ಷಾಂತರ ಜನ ನಡೆದುಹೋದರು, ಸ್ತಾವ್ರೋಸರ ಬೇವಿನ ಗಿಡಗಳಿಗೆ ಯಾರೋ ಬಾವುಟ ಕಟ್ಟಿದರು. ಡಿಸೆಂಬರಿನಲ್ಲಿ ಮೂರ್ತಿಯವರ ಸಂಸಾರ ಊರಿಗೆ ಹೋಯಿತು. ಬೇರೆ ಕೆಲಸ ಸಿಗಲಿಲ್ಲವೆಂದು ಕೇಳಿದೆ. ಅವರಿಗೆ ಯಾರೂ ವಿದಾಯ ಭಾಷಣ ಮಾಡಲಿಲ್ಲ. ಸ್ತಾವ್ರೋಸರ ಹೆಸರೂ ಪಟ್ಟಿಯಲ್ಲಿತ್ತು. ಹೋಗುವ ದಿನ ಅಷ್ಟೂ ಅಧ್ಯಾಯಗಳನ್ನು ಎಣಿಸಿ ಕೊಟ್ಟೆ, ತಲುಪಿದೆ ಎಂದು ಸಹಿ ತೆಗೆದುಕೊಂಡೆ. ಕಡೆಯ ಅಧ್ಯಾಯ ಬರೆದಾಗಿರಲಿಲ್ಲ. ಕ್ಯಾಬಿನ್ನಿನ ಬಾಗಿಲಲ್ಲಿ ನಿಂತು ಬಾಯಲ್ಲೇ ಹೇಳಿದರು. ಶತ್ರುಗಳು ದೇಶವನ್ನು ಹಿಡಿದಿದ್ದ ಕಾಲದ ಒಂದು ಚಳಿಗಾಲದಲ್ಲಿ ದಾಸ್ಕಲೋಸರು ತೀರಿಕೊಂಡರು, ಬಿಡುಗಡೆ ನೋಡಲಿಲ್ಲ. ಅವರು ಬಯಸಿದ ಭಾಷೆ ಶಾಲೆಗಳಿಗೆ ಮತ್ತೆ ಬಂದದ್ದು ಅದಾದ ಎಷ್ಟೋ ವರ್ಷಕ್ಕೆ. ಸ್ತಾವ್ರೋಸರು ಆಗ ಹುಡುಗ. ಮನೆಗೆ ಓಡಿ ಬಂದು ಹೊಸ ಪಾಠ ಓದಿದಾಗ, ರೊಟ್ಟಿ ಕತ್ತರಿಸುತ್ತಿದ್ದ ತಾಯಿ ಚಾಕು ಕೆಳಗಿಟ್ಟು, ಇನ್ನೊಂದು ಸಲ ಓದು ಎಂದಳಂತೆ.

ಜುಬೈದಾ ಟೀಚರ್ ಮರುವರ್ಷ ಗಂಡನ ಜೊತೆ ರಾಸ್ ಲಫಾನ್ ಹತ್ತಿರದ ಊರಿಗೆ ಮನೆ ಬದಲಿಸಿದರೆಂದು ಹಾಜಿಯವರು ಹೇಳಿದರು. ಮತ್ತೆ ಎಲ್ಲೂ ಪಾಠ ಮಾಡಲಿಲ್ಲವಂತೆ. ನಾನು ಮೈಸೂರಿಗೆ ಮರಳುವಾಗ ಮೂರ್ತಿಯವರ ಬೆಂಗಳೂರಿನ ವಿಳಾಸವನ್ನೂ ಹಾಜಿಯವರೇ ಕೊಟ್ಟರು. ಕೊಟ್ಟು ಒಂದು ವರ್ಷದ ಮೇಲಾಯಿತು. ನೋಟ್‌ಬುಕ್ ಕಳಿಸುವುದು ಕಷ್ಟವಲ್ಲ. ನನ್ನ ಪದ್ಧತಿಯಲ್ಲಿ ಜೊತೆಗೊಂದು ರವಾನೆ ಚೀಟಿ ಇರಬೇಕು, ಚೀಟಿಯಲ್ಲಿ ಟಿಪ್ಪಣಿ ಎಂಬ ಕಾಲಮ್ ಇರುತ್ತದೆ. ಆ ಕಾಲಮಿನಲ್ಲಿ ಬರೆಯಲಾಗದೆಯೇ ಹದಿನೈದು ಅಂತರ್ದೇಶೀಯ ಪತ್ರಗಳು ಮನೆ ಸೇರಿದ್ದು.

ಸೋಮವಾರ ಆ ಶಾಯಿಯ ವಾಸನೆ ಮೂಗಿಗೆ ಬಂದ ಮೇಲೆ ಸರತಿ ಬಿಟ್ಟು, ಗೋಂದಿನ ಡಬ್ಬಿ ಇಟ್ಟಿರುವ ಮೇಜಿಗೆ ಹೋಗಿ, ಆ ಟಿಪ್ಪಣಿಯನ್ನು ನಿಂತೇ ಬರೆದೆ. ಅಕ್ಷರ ದುಂಡಗೆ ಬರಲಿಲ್ಲ.

"ಚಿರಂಜೀವಿ ಮೇದಿನಿಗೆ. ನಿಮ್ಮ ಟೀಚರ್ ಮಾತು ಮುರಿಯಲಿಲ್ಲ. ಯಾರಿಗೂ ತೋರಿಸಬಾರದೆಂದು ಹೇಳಿಯೇ ನನಗೆ ಕೊಟ್ಟಿದ್ದರು. ನಾನು ಅವರನ್ನು ಕೇಳದೆ ಎಲ್ಲರಿಗೂ ಕಳಿಸಿದೆ, ತಪ್ಪು ಫೈಲನ್ನು ಕಳಿಸಿದೆ. ಆ ಸಂಜೆ ನೀರಿನ ಕೂಲರಿನ ಪಕ್ಕ ನಿಂತಿದ್ದವನು ನಾನೇ. ಇದನ್ನು ನಿನ್ನ ತಂದೆಗೂ ತೋರಿಸು. ಎಚ್. ವಿ. ಶ್ರೀಕಂಠ."

ಚೀಟಿ, ನೋಟ್‌ಬುಕ್ ಎರಡನ್ನೂ ಲಕೋಟೆಗೆ ಹಾಕಿ ಅಂಟಿಸಿ, ಮತ್ತೆ ಸರತಿಯ ಕೊನೆಗೆ ಹೋಗಿ ನಿಂತೆ. ನನ್ನ ಸರದಿ ಬಂತು. ಹೆಣ್ಣುಮಗಳು ನನ್ನ ಮುಖ ಗುರುತಿಸಿ, "ಇನ್‌ಲ್ಯಾಂಡ್ ಐದು ಅಲ್ವಾ ಸಾರ್?" ಎಂದು ಡ್ರಾಯರಿಗೆ ಕೈ ಹಾಕಿದಳು. ಅಲ್ಲವೆಂದು ಲಕೋಟೆಯನ್ನು ಜಾಲರಿಯ ಕೆಳಗೆ ತಳ್ಳಿದೆ. ತೂಗಿದಳು, ಮುದ್ರೆ ಒತ್ತಿದಳು.

"ತಲುಪಿದ್ದಕ್ಕೆ ಸಹಿ ಮಾಡಿದ ಕಾರ್ಡು ವಾಪಸ್ ಬರೋ ಹಾಗೆ ಮಾಡ್ಲಾ ಸಾರ್?"

ಹನ್ನೊಂದು ವರ್ಷ ಒಂದು ಚೂರು ಕಾಗದವನ್ನೂ ಸಹಿಯಿಲ್ಲದೆ ಕೈಬಿಟ್ಟವನಲ್ಲ ನಾನು.

"ಬೇಡಮ್ಮ," ಎಂದೆ.